ಬಚ್ಚಲದ ಸುಳಿ, ಹಟ್ಟಿಯ ಕಲ್ಲು

ಬರ್ರಿ, ಕಂಪೌಂಡ್ ಹತ್ರ ನಿಂದರ್ರಿ ಸ್ವಲ್ಪ. ಲಿಂಗಸುಗೂರಿನ ನಿಮ್ಮ ಬೀಗರ ಮನ್ಯಾಗ ಬಚ್ಚಲ ನೀರು ಎಡಕ್ಕ ಸುತ್ತಿ ಇಳೀತದ, ನಮ್ಮ ಸಿಂಧನೂರಾಗ ಬಲಕ್ಕ ಸುತ್ತತದ, ಇದೆಲ್ಲಾ ಭೂಮಿ ತಿರುಗೋದರ ಆಟ ಅಂದ್ರಲ್ಲ, ಆ ಮಾತು ನನ್ನ ತಲ್ಯಾಗ ಕೂತುಬಿಟ್ಟದ.

ಭೂಮಿದು ಆಟ ಅದ, ಸುಳ್ಳಲ್ಲ. ಆದರ ಕಾಲ ಕೆಳಗಿನ ನೆಲ ಇದ್ದಲ್ಲೇ ತಿರುಗೋದು ಒಂದೊಂದು ಊರಿಗೆ ಒಂದೊಂದು ಲೆಕ್ಕ. ಉತ್ತರ ಧ್ರುವದಾಗ ದಿನಕ್ಕೊಂದು ಸುತ್ತು, ಭೂಮಧ್ಯರೇಖೆ ಮ್ಯಾಲ ಸೊನ್ನೆ. ನಾವು 16 ಡಿಗ್ರಿ ಅಕ್ಷಾಂಶದ ಆಸುಪಾಸಿನ ಮಂದಿ. ಲೆಕ್ಕ ಹಾಕಿದ್ರ ಒಂದು ಸುತ್ತಿಗೆ ಸಿಂಧನೂರಾಗ ಸುಮಾರು 88 ತಾಸು, ಮಸ್ಕ್ಯಾಗ 87, ಲಿಂಗಸುಗೂರಾಗ 86. ಬಸ್ ಹತ್ತಿ ಮಸ್ಕಿ ದಾಟೂದ್ರಾಗ ನೆಲದ ತಿರುಗಾಟ ಒಂದು ತಾಸು ಚುರುಕಾಗಿರ್ತದ ಅನ್ನೋದು ನನಗ ಬಾಳ ಚಂದ ಕಾಣ್ತದ. ಆದರ ದಿಕ್ಕು ಮೂರೂ ಊರಾಗ ಒಂದೇ, ಗುಡಿ ಪ್ರದಕ್ಷಿಣೆಗೆ ಉಲ್ಟಾ. ಬೀಗರ ಮನಿಗೂ ನಮ್ಮನಿಗೂ ದಿಕ್ಕು ಬ್ಯಾರೆ ಆಗಬೇಕಾದ್ರ ನಡುವ ಭೂಮಧ್ಯರೇಖೆನೇ ಹಾದು ಹೋಗಬೇಕು.

ಮತ್ತ ನೀರು ಯಾಕ ಹಂಗ ಸುತ್ತತದ? ನೀವು ಕೊಡ ಸುರಿದ ಕೈ, ಬಚ್ಚಲದ ಇಳಿಜಾರು, ತೂತಿನ ಓರೆ. ನೀರು ನಿಮಿಷಕ್ಕೊಂದು ಸುತ್ತಿನಷ್ಟು ಅಲುಗಿದ್ರೂ ಅದು ನಮ್ಮೂರಾಗ ಭೂಮಿ ಕೊಡೋದಕ್ಕಿಂತ ಐದು ಸಾವಿರ ಪಟ್ಟು ಜೋರು. ಕೀನ್ಯಾದ ನನ್ಯೂಕಿಯೊಳಗ ಪ್ರವಾಸಿಗರಿಗೆ ಭೂಮಧ್ಯರೇಖೆಯ ಆ ಕಡೆ ಈ ಕಡೆ ಬೋಗಾಣಿ ಇಟ್ಟು ಸುಳಿ ಬದಲಾಗೋದು ತೋರಿಸ್ತಾರ. ಅದು ನೀರು ಸುರಿಯೋ ಕೈಚಳಕ, ರೇಖೆ ಹತ್ರ ಭೂಮಿ ಪಾಲು ಇಲ್ಲವೇ ಇಲ್ಲ ಅನ್ನೋಷ್ಟು ಕಮ್ಮಿ.

ಹಂಗಂತ ನೀರಾಗ ಅದನ್ನ ಕಾಣಾಕ ಬರೋದಿಲ್ಲ ಅಂತಲ್ಲ. 1962ರಾಗ ಅಮೆರಿಕದ ಬಾಸ್ಟನ್ ಬಾಜೂಕಿನ ಎಂಐಟಿಯ ಆಶರ್ ಶಪಿರೊ ತೋರಿಸಿಕೊಟ್ಟರು. ಆರು ಅಡಿ ಅಗಲದ ದುಂಡನೆ ತೊಟ್ಟಿ, ಆರು ಇಂಚು ನೀರು. ನೀರು ತುಂಬೂದು ಪ್ರದಕ್ಷಿಣೆ ದಿಕ್ಕಿನಾಗೇ, ತಾವು ಕಾಯೋ ಸುಳಿಗೆ ಎದುರು. ಗಾಳಿ ತಾಗಬಾರದಂತ ಮ್ಯಾಲ ಪ್ಲಾಸ್ಟಿಕ್ ಹೊದಿಸಿ ಒಂದಿಡೀ ದಿನ ಬಿಟ್ಟರು. ಬಿರಡೆ ತೊಟ್ಯಾಗ ಇರಲಿಲ್ಲ, ಕೆಳಗಿನ ಉದ್ದನ್ನ ಪೈಪಿನ ತುದ್ಯಾಗ ಇತ್ತು. ತೆಗೆದ್ರೂ ನೀರು ಕದಡಲಿಲ್ಲ. ಖಾಲಿ ಆಗಾಕ ಇಪ್ಪತ್ತು ನಿಮಿಷ. ಮೊದಲ ಹನ್ನೆರಡು ನಿಮಿಷ ಏನೂ ಇಲ್ಲ, ಆಮ್ಯಾಲ ತೇಲೋ ಕಡ್ಡಿ ಮೆಲ್ಲಗ ಉಲ್ಟಾ ತಿರುಗಾಕ ಹತ್ತಿತು. 1965ರಾಗ ಭೂಮಧ್ಯರೇಖೆಯ ಆ ಕಡೆ ಇರೋ ಸಿಡ್ನಿಯವರು ಇದನ್ನೇ ಮಾಡಿದರು, ಅಲ್ಲಿ ಪ್ರದಕ್ಷಿಣೆ! ಅಷ್ಟು ತಾಳ್ಮೆ ಇಟ್ಟು ನೀರನ್ನ ಮಾತಾಡಿಸಿದವರ ಮ್ಯಾಲ ನನಗ ದೊಡ್ಡ ಗೌರವ. ನಮ್ಮ ಸಾಲಿ ಹುಡುಗರೂ ಮಾಡಬೇಕ್ರಿ. ಬಾಸ್ಟನ್ನಿಗಿಂತ ನಮ್ಮಲ್ಲಿ ಜೋರು ಅರ್ಧಕ್ಕೂ ಕಮ್ಮಿ, ಎರಡು ದಿನ ನೀರು ಬಿಟ್ಟು ಕಾಯಬೇಕಾದೀತು.

ಸುಳಿ ನೂರಾರು ಕಿಲೋಮೀಟರ್ ಅಗಲ ಇದ್ದು ದಿನಗಟ್ಟಲೆ ಉಳಿದ್ರ ಮಾತ್ರ ಭೂಮಿ ಕೈ ಎದ್ದು ಕಾಣ್ತದ. ಬಂಗಾಳ ಕೊಲ್ಲಿಯ ಚಂಡಮಾರುತ ಒಂದೂ ಬಿಡದಂಗ ಉಲ್ಟಾ ಸುತ್ತತಾವ. ನಮ್ಮ ತುಂಗಭದ್ರಾ ಎಡದಂಡೆ ನಾಲ್ಯಾಗ? ಇಪ್ಪತ್ತು ಮೀಟರ್ ಅಗಲದ ನೀರು ಸೆಕೆಂಡಿಗೆ ಒಂದು ಮೀಟರ್ ಹರಿದ್ರ ಬಲದಂಡಿ ಕಡೆ ಏರೋದು ಮಿಲಿಮೀಟರಿನ ಹತ್ತನೇ ಪಾಲೂ ಇಲ್ಲ. ಕೆಳಭಾಗದ ರೈತರಿಗೆ ನೀರು ಮುಟ್ಟದೇ ಇರೋದಕ್ಕ ಭೂಮಿ ಕಾರಣ ಅಲ್ಲ.

ನಿಮಗ ಭೂಮಿ ತಿರುಗೋದು ಅಳತಿಗೆ ಸಿಗಬೇಕಂದ್ರ ಲಿಂಗಸುಗೂರು ತಾಲೂಕಿನ ಹಟ್ಟಿ ಚಿನ್ನದ ಗಣಿ ನೆನಸ್ಕೋರಿ. ಅಲ್ಲಿ 700 ಮೀಟರಿನ ನೆಟ್ಟನೆ ಬಾವಿ ಅಂತ ಹಿಡೀರಿ, ಗಾಳಿ ಇಲ್ಲ ಅಂತನೂ ಹಿಡೀರಿ. ಮ್ಯಾಲಿಂದ ಬಿಟ್ಟ ಕಲ್ಲು ತೂಗುದಾರದ ನೇರಕ್ಕ ಬೀಳೋದಿಲ್ಲ, ಸುಮಾರು 39 ಸೆಂಟಿಮೀಟರ್ ಪೂರ್ವಕ್ಕ ಸರಿದು ಬೀಳ್ತದ. ಬಾವಿ ಬಾಯಿ ಭೂಮಿಯ ಅಚ್ಚಿನಿಂದ ತಳಕ್ಕಿಂತ ದೂರ, ಹಂಗಾಗಿ ತಳಕ್ಕಿಂತ ಜೋರಾಗಿ ಪೂರ್ವಕ್ಕ ಓಡ್ತಿರ್ತದ. ಕಲ್ಲು ಆ ಓಟನೂ ಹೊತ್ಕೊಂಡೇ ಇಳೀತದ. ಸುಳಿಯಾಗ ನಮಗಿಂತ ಜೋರಿದ್ದ ಬಾಸ್ಟನ್ನಿನ ಅಕ್ಷಾಂಶದಾಗ ಅಷ್ಟೇ ಆಳಕ್ಕ 30 ಸೆಂಟಿಮೀಟರ್ ಅಷ್ಟೇ.