ಕೋಣನ ಮುಂದಿನ ಕಿನ್ನರಿ: ಒಂದು ಮರುವಿಚಾರಣೆ

ಕನ್ನಡ ನಾಡಿನಲ್ಲಿ ವಿಚಾರಣೆಯೇ ಇಲ್ಲದೆ ಶಿಕ್ಷೆ ಅನುಭವಿಸುತ್ತಿರುವ ಪ್ರಾಣಿ ಕೋಣ. ಅದರ ಮುಂದೆ ಯಾರೋ, ಯಾವಾಗಲೋ ಕಿನ್ನರಿ ಬಾರಿಸಿದರಂತೆ. ಅದು ಸುಮ್ಮನೆ ನಿಂತಿತಂತೆ. ಅಷ್ಟಕ್ಕೇ ಗಾದೆಯಾಯಿತು. ಬಾರಿಸಿದವರಿಗೆ ಎಷ್ಟು ವರ್ಷದ ಪಾಠವಾಗಿತ್ತು, ಶ್ರುತಿ ಸೇರಿತ್ತೇ, ಕೋಣ ಆ ಹೊತ್ತಿಗೆ ಮೇವು ತಿಂದಿತ್ತೇ ಎಂಬ ಯಾವ ವಿವರವೂ ಗಾದೆಯಲ್ಲಿಲ್ಲ. ಅದನ್ನು ಕಟ್ಟಿದವರು ಕೇಳಿದವರ ಕಡೆಯವರಲ್ಲ, ಬಾರಿಸಿದವರ ಕಡೆಯವರು ಎಂಬುದು ಮಾತಿನ ಧಾಟಿಯಿಂದಲೇ ತಿಳಿಯುತ್ತದೆ.

ಈ ಅನ್ಯಾಯ ಮನಸ್ಸಿಗೆ ನಾಟಿ ಪ್ರಸ್ತುತ ಲೇಖಕನು ತುಮಕೂರು ನಗರ, ಗುಬ್ಬಿ, ಕುಣಿಗಲ್ ಈ ಮೂರು ಕಡೆ ಕ್ಷೇತ್ರಕಾರ್ಯ ನಡೆಸಿದನು. ಯಜಮಾನರು ವಾದ್ಯ ಅಭ್ಯಾಸ ಮಾಡುವಾಗ ಸಾಕುಪ್ರಾಣಿಗಳು ಹೇಗೆ ವರ್ತಿಸುತ್ತವೆ ಎಂಬುದೇ ವಿಷಯ. ಕ್ಷೇತ್ರಕಾರ್ಯವು ನೆಂಟರ ಮನೆಗಳಲ್ಲಿ, ಬಹುಮಟ್ಟಿಗೆ ಊಟದ ಹೊತ್ತಿಗೆ ಸರಿಯಾಗಿ ನಡೆದಿದೆ. ಅನುದಾನ ಕೇಳಿಲ್ಲ.

ಕ್ಷೇತ್ರದ ಆಯ್ಕೆ

ಈ ಮೂರೇ ಊರು ಏಕೆಂದು ಪರೀಕ್ಷಕರು ಕೇಳಿಯೇ ಕೇಳುತ್ತಾರೆ. ತುಮಕೂರಿನ ಹೆಸರು ತುಂಬೆ ಹೂವಿನಿಂದ ಬಂತೆಂದು ಒಂದು ಪಕ್ಷ, ತಮಟೆಯಿಂದ ಬಂತೆಂದು ಇನ್ನೊಂದು ಪಕ್ಷ. ತುಂಬೆಯಿಂದ ಈ ಪ್ರಬಂಧಕ್ಕೆ ಏನೂ ಪ್ರಯೋಜನವಿಲ್ಲವಾದ್ದರಿಂದ ತಮಟೆಯನ್ನೇ ಸಿದ್ಧಾಂತವೆಂದು ಹಿಡಿಯಲಾಗಿದೆ. ಸಂಶೋಧನೆಯಲ್ಲಿ ಇದು ರೂಢಿ. ಗುಬ್ಬಿ ಹಕ್ಕಿಯ ಹೆಸರು, ವಾದಕ್ಕೆ ಎಡೆಯಿಲ್ಲ. ಕುಣಿಗಲ್ಲಿನಲ್ಲಿ ‘ಕುಣಿ’ ಕಣ್ಣಿಗೇ ಕಾಣುತ್ತಿದೆ, ಉಳಿದದ್ದು ಕಲ್ಲೇ ಇರಬೇಕು. ಸ್ಥಳನಾಮ ತಜ್ಞರು ಒಪ್ಪಲಿ ಬಿಡಲಿ, ಕಲ್ಲೇ ಕುಣಿಯುವ ಊರಿನಲ್ಲಿ ಪ್ರಾಣಿ ಸುಮ್ಮನಿದ್ದೀತೇ? ವಾದ್ಯ, ಪ್ರಾಣಿ, ಪ್ರತಿಕ್ರಿಯೆ ಮೂರೂ ಒಂದೇ ಜಿಲ್ಲೆಯೊಳಗೆ, ಒಂದೇ ಬಸ್ ನಿಲ್ದಾಣದ ಬೋರ್ಡುಗಳ ಮೇಲೆ ಸಿಗುವಾಗ ದೂರದ ಊರಿಗೆ ಹೋಗುವವನು ದಡ್ಡ.

ಸಪ್ತಸ್ವರಗಳ ಪಾಲುಪಟ್ಟಿ

ಪೂರ್ವಸೂರಿಗಳನ್ನು ನೆನೆಯದೆ ಪ್ರಬಂಧ ಮುಂದೆ ಹೋಗುವಂತಿಲ್ಲ. ಶಿಶು, ಪಶು, ಹಾವು ಮೂವರೂ ಗಾನರಸ ಬಲ್ಲರೆಂದು ಸಂಸ್ಕೃತದ ಹಳೆಯ ಮಾತು ಹೇಳುತ್ತದೆ. ಹಾವಿಗೆ ಹೊರಕಿವಿಯೇ ಇಲ್ಲ. ಅದು ತಲೆಯಾಡಿಸುವುದು ಪುಂಗಿಯ ರಾಗಕ್ಕಲ್ಲ, ಪುಂಗಿಯ ಅಲುಗಾಟಕ್ಕೆ. ಹಾಗಾಗಿ ಮೂವರಲ್ಲಿ ಒಬ್ಬರು ಕಳಚಿಕೊಂಡರು. ಉಳಿದ ಪಶುವಿಗೆ ಸಂಸ್ಕೃತ ಪ್ರಶಸ್ತಿಪತ್ರ ಕೊಟ್ಟರೆ ಕನ್ನಡದ ಗಾದೆ ಛೀಮಾರಿ ಹಾಕಿತು. ಒಂದೇ ಕೋಣ ಒಂದು ಭಾಷೆಯಲ್ಲಿ ರಸಿಕ, ಇನ್ನೊಂದರಲ್ಲಿ ಮಂದಮತಿ.

ಇದಕ್ಕಿಂತ ಗಂಭೀರವಾದ ದಾಖಲೆ ನಾರದೀಯ ಶಿಕ್ಷೆಯದು. ಅದರ ಪ್ರಕಾರ ಷಡ್ಜ ನವಿಲಿನದು, ಋಷಭ ಎತ್ತಿನದು, ಗಾಂಧಾರ ಆಡಿನದು, ಮಧ್ಯಮ ಕ್ರೌಂಚ ಪಕ್ಷಿಯದು, ಪಂಚಮ ಕೋಗಿಲೆಯದು, ಧೈವತ ಕುದುರೆಯದು, ನಿಷಾದ ಆನೆಯದು. ಓದುಗರು ಈ ಪಾಲುಪಟ್ಟಿಯನ್ನು ಇನ್ನೊಮ್ಮೆ ನೋಡಬೇಕು. ನಾಯಿ ಇಲ್ಲ. ಬೆಕ್ಕು ಇಲ್ಲ. ಕೋಣವೂ ಇಲ್ಲ. ಹಗಲೂ ರಾತ್ರಿ ಮನೆಯೊಳಗೇ ಇದ್ದು ಅಭ್ಯಾಸದ ಕಷ್ಟವನ್ನೆಲ್ಲ ಅನುಭವಿಸುವವರಿಗೆ ಅರ್ಧ ಸ್ವರವೂ ಸಿಕ್ಕಿಲ್ಲ. ಕ್ರೌಂಚಕ್ಕೆ ಮಾತ್ರ ಇಡೀ ಮಧ್ಯಮ! ತುಮಕೂರಿನಲ್ಲಿ ಯಾರ ಮನೆಯಲ್ಲಿ ಕ್ರೌಂಚ ಸಾಕಿದ್ದಾರೆ?

ಪ್ರಬಂಧದ ಮೂಲ ಪ್ರಮೇಯ ಇಲ್ಲೇ ಹುಟ್ಟುತ್ತದೆ. ಯಜಮಾನ ಶ್ರುತಿ ಹಿಡಿದ ಕೂಡಲೇ ನಾಯಿ ಊಳಿಡುವುದು ಸಂಗೀತ ವಿಮರ್ಶೆಯಲ್ಲ. ಪಾಲು ಸಿಗದವರು ಹಾಕುವ ತಕರಾರು ಅರ್ಜಿ.

ಪಾಲು ಸಿಕ್ಕವರ ದೆಸೆ ಹೇಗಿತ್ತೆಂಬುದಕ್ಕೆ ಗುಬ್ಬಿಯೇ ಸಾಕ್ಷಿ. 1884ರಲ್ಲಿ ಅಲ್ಲಿ ಹುಟ್ಟಿದ ಗುಬ್ಬಿ ಶ್ರೀ ಚನ್ನಬಸವೇಶ್ವರ ನಾಟಕ ಕಂಪನಿಯನ್ನು ಗುಬ್ಬಿ ವೀರಣ್ಣನವರು ನಾಡೆಲ್ಲ ಬೆರಗಾಗುವಂತೆ ಬೆಳೆಸಿದರು. ಅವರ ‘ಕುರುಕ್ಷೇತ್ರ’ದಲ್ಲಿ ಜೀವಂತ ಆನೆ, ಕುದುರೆಗಳೇ ರಂಗಕ್ಕೆ ಬರುತ್ತಿದ್ದವು. ಇದನ್ನು ಎಲ್ಲರೂ ಅದ್ದೂರಿ ಎಂದು ಹೊಗಳಿದ್ದಾರೆ. ಸಂಗೀತಶಾಸ್ತ್ರದ ದೃಷ್ಟಿಯಿಂದ ಆದದ್ದೇ ಬೇರೆ: ಹಾರ್ಮೋನಿಯಂ ಮೇಷ್ಟ್ರು ಧೈವತ, ನಿಷಾದಗಳ ಮನೆ ಒತ್ತುವಾಗ ಆ ಎರಡು ಸ್ವರಗಳ ಖಾತೇದಾರರು ಖುದ್ದಾಗಿ ಹಾಜರಿದ್ದರು. ಜಗತ್ತಿನ ಯಾವ ಸಭೆಗೂ ಇಂಥ ಭಾಗ್ಯ ಬಂದಂತಿಲ್ಲ.

ನಾಯಿ: ಗುಬ್ಬಿ ಪ್ರಕರಣ

ನಮ್ಮ ಸೋದರಮಾವ ಗುಬ್ಬಿಯವರು. ಮೇಷ್ಟ್ರ ಕೆಲಸದಿಂದ ನಿವೃತ್ತರಾದ ಮೇಲೆ ಊರಿನ ನಾಟಕದ ಸೆಟ್ಟಿನವರಿಂದ ಹಳೆಯ ಹಾರ್ಮೋನಿಯಂ ಕೊಂಡರು. ಒಂದು ಕಾಲದಲ್ಲಿ ಸುಗ್ಗಿ ಮುಗಿದ ಮೇಲೆ ಹಳ್ಳಿಯಲ್ಲಿ ಆಡಿದ ‘ಕುರುಕ್ಷೇತ್ರ’ದಲ್ಲಿ ಅವರು ವಿದುರ. ದುರ್ಯೋಧನನ ಪಾತ್ರ ಹೆಚ್ಚು ದುಡ್ಡು ಕೊಟ್ಟವರಿಗೆ ಹೋಯಿತೆಂಬ ನೋವು ಇನ್ನೂ ಇದೆ; ಅದನ್ನು ಈಗ ತಿದಿಯ ಮೇಲೆ ತೀರಿಸಿಕೊಳ್ಳುತ್ತಾರೆ. ಸಂಜೆ ಆರೂವರೆಗೆ ಜಗಲಿಯಲ್ಲಿ ಕೂತು ಎರಡು ಮನೆ ಶ್ರುತಿ ಹಿಡಿದು ಮಾಯಾಮಾಳವಗೌಳದ ಸರಳೆ ವರಸೆ ಶುರು ಮಾಡುತ್ತಾರೆ. ಅಂಗಳದ ಕಂಬಕ್ಕೆ ಕಟ್ಟಿರುವ ನಾಯಿಯ ಹೆಸರು ರಾಜ.

‘ಸ’ ಎಂದಾಗ ರಾಜ ಎದ್ದು ನಿಂತಿತು. ‘ರಿ’ಗೆ ಕಿವಿ ಹಿಂದಕ್ಕೆ ಹೋಯಿತು. ‘ಗ’ದ ಮೇಲೆ ಮಾವನ ಬೆರಳು ಪಕ್ಕದ ಮನೆಗೆ ಜಾರಿದ ಕ್ಷಣದಲ್ಲೇ ಮೂತಿ ಆಕಾಶಕ್ಕೆ ಎತ್ತಿ ಊಳಿಟ್ಟಿತು.

“ನೋಡ್ಲಾ, ರಾಜಂಗೆ ಸಂಗೀತ ಜ್ಞಾನ ಐತೆ,” ಎಂದರು ಮಾವ.

“ಐತೆ ಕಣಪ್ಪ, ಓಡೋಗಾಕೆ ಸರಪಳಿ ಬಿಡ್ತಿಲ್ಲ, ಅಷ್ಟೇಯ,” ಎಂದು ಅತ್ತೆ ಒಳಗಿನಿಂದ ಹೇಳಿದರು.

ಇಬ್ಬರ ಮಾತನ್ನೂ ಶಾಸ್ತ್ರೀಯವಾಗಿ ಪರಿಶೀಲಿಸಲಾಯಿತು. ನಾಯಿಯ ಕಿವಿಗೆ ಸುಮಾರು 45,000 ಹರ್ಟ್ಸ್ ತನಕ ಕೇಳುತ್ತದೆ. ಮನುಷ್ಯನದು 20,000ಕ್ಕೆ ಮುಗಿಯುತ್ತದೆ. ಮಾವನ ಹಾರ್ಮೋನಿಯಂನಲ್ಲಿ ನಮಗೆ ಕೇಳುವುದೇ ಇಷ್ಟಾದರೆ ರಾಜನ ಪಾಲಿಗೆ ಬರುವುದೆಷ್ಟು ಎಂದು ನೆನೆದರೆ ಅತ್ತೆಯ ಪಕ್ಷ ಬಲವಾಗುತ್ತದೆ. ಆದರೆ ನಾಯಿಯ ಪೂರ್ವಿಕರಾದ ತೋಳಗಳು ಗುಂಪಿನಲ್ಲಿ ಊಳಿಡುವಾಗ ಒಂದರ ಸ್ವರಕ್ಕೆ ಇನ್ನೊಂದು ಅಂಟಿಕೊಳ್ಳದೆ ಬೇಕೆಂದೇ ಬೇರೆ ಸ್ವರ ಹಿಡಿಯುತ್ತವೆ. ರಾಜನೂ ಮಾವನ ಷಡ್ಜಕ್ಕೆ ಸೇರದೆ ಸ್ವಲ್ಪ ಮೇಲೆಯೇ ನಿಂತಿತು. ನಮ್ಮಲ್ಲಿ ಇದಕ್ಕೆ ಅಪಸ್ವರ ಎನ್ನುತ್ತಾರೆ, ಪಶ್ಚಿಮದಲ್ಲಿ ಹಾರ್ಮೊನಿ ಎನ್ನುತ್ತಾರೆ. ಆದ್ದರಿಂದ ರಾಜ ಸಂಗೀತ ಬಲ್ಲದು, ಆದರೆ ಬೇರೆ ಸಂಪ್ರದಾಯದ್ದು ಎಂದು ತೀರ್ಮಾನಿಸಲಾಗಿದೆ. ಮಾವ ಒಪ್ಪಿದರು. ಅತ್ತೆ ಒಪ್ಪಿಲ್ಲ.

ರಾಜನ ಅಭಿಪ್ರಾಯಕ್ಕೆ ಸರ್ಕಾರಿ ಬೆಂಬಲವೂ ಒಂದು ಕಾಲಕ್ಕೆ ಇತ್ತೆಂಬುದನ್ನು ಮರೆಯಬಾರದು. ಆಕಾಶವಾಣಿ 1940ರಲ್ಲಿ ಹಾರ್ಮೋನಿಯಂ ಮೇಲೆ ನಿಷೇಧ ಹೇರಿ 1971ರಲ್ಲಿ ಸಡಿಲಿಸಿತು. ರಾಜನ ನಿಷೇಧ ಇನ್ನೂ ಜಾರಿಯಲ್ಲಿದೆ.

ಇಲ್ಲಿ ಒಂದು ಆಕ್ಷೇಪ ಬರಬಹುದು: ಗ್ರಾಮಫೋನ್ ಕೊಂಬಿನ ಮುಂದೆ ತಲೆ ಓರೆ ಮಾಡಿ ಕೂತ ನಿಪ್ಪರ್ ಎಂಬ ನಾಯಿ ಹಾಗಾದರೆ ಏನು ಮಾಡುತ್ತಿತ್ತು? ಫ್ರಾನ್ಸಿಸ್ ಬರೋ ಬಿಡಿಸಿದ ಆ ಚಿತ್ರ ರೆಕಾರ್ಡು ಕಂಪನಿಗೆ ಲಾಂಛನವಾಯಿತು, ನಿಜ. ಆದರೆ ಅದು ಕೇಳುತ್ತಿದ್ದುದು ರೆಕಾರ್ಡು. ಅಭ್ಯಾಸ ಕೇಳಿದ್ದರೆ ಚಿತ್ರದಲ್ಲಿ ಕೊಂಬು ಮಾತ್ರ ಉಳಿಯುತ್ತಿತ್ತು.

ಬೆಕ್ಕು: ತುಮಕೂರು ಪ್ರಕರಣ

ತುಮಕೂರಿನ ಸೋಮೇಶ್ವರಪುರದಲ್ಲಿ ತಂಗಿಯ ಮಗಳು ಪಿಟೀಲು ಕಲಿಯುತ್ತಿದ್ದಾಳೆ. ಪಿಟೀಲಿನ ಮೊದಲ ವರ್ಷದ ಬಗ್ಗೆ ಬರೆಯುವಾಗ ಸಂಶೋಧಕನೂ ಮೃದುವಾಗಬೇಕು. ಮನೆಯ ಬೆಕ್ಕಿಗೆ ಪಿಟೀಲಿನ ಪೆಟ್ಟಿಗೆ ಬಲು ಇಷ್ಟ. ಒಳಗಿನ ಮಖಮಲ್ಲಿನಲ್ಲಿ ಸುರುಳಿ ಸುತ್ತಿ ಮಲಗುತ್ತದೆ. ಪಿಟೀಲು ಪೆಟ್ಟಿಗೆಯಲ್ಲಿದ್ದರೆ ಅದಕ್ಕೆ ಜಾಗವಿಲ್ಲ, ಪಿಟೀಲು ಹೊರಬಂದರೆ ಅದಕ್ಕೆ ನೆಮ್ಮದಿಯಿಲ್ಲ. ಇಂಥ ದ್ವಂದ್ವ ಮಹಾಕಾವ್ಯಗಳಲ್ಲೂ ಅಪರೂಪ.

ಕಮಾನಿಗೆ ರಾಳ ಸವರುವ ತನಕ ಬೆಕ್ಕು ಕದಲಲಿಲ್ಲ. ಮೊದಲ ಎಳೆತಕ್ಕೆ ಒಂದು ಕಿವಿ ಗೋಡೆಯ ಕಡೆ ತಿರುಗಿತು, ಎರಡನೆಯದಕ್ಕೆ ಇನ್ನೊಂದು ಬೀದಿಯ ಕಡೆ. ಬೆಕ್ಕಿನ ಕಿವಿ ತಿರುಗಿಸಲು ಮೂವತ್ತಕ್ಕೂ ಹೆಚ್ಚು ಸ್ನಾಯುಗಳಿವೆ ಎಂದು ಪ್ರಾಣಿಶಾಸ್ತ್ರಜ್ಞರು ಹೇಳುತ್ತಾರೆ. ಅಷ್ಟೇಕೆ ಬೇಕಿತ್ತೆಂದು ಆ ಸಂಜೆ ಅರಿವಾಯಿತು. ಜಂಟಿ ವರಸೆಗೆ ಬರುವ ಹೊತ್ತಿಗೆ ಅದು ಎದುರುಮನೆಯ ಕಾಂಪೌಂಡಿನ ಮೇಲಿತ್ತು. ಊಳಿಲ್ಲ, ಗಲಾಟೆಯಿಲ್ಲ. ನಾಯಿ ಅರ್ಜಿ ಹಾಕುತ್ತದೆ. ಬೆಕ್ಕು ಸಭಾತ್ಯಾಗ ಮಾಡುತ್ತದೆ.

ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಚಾರ್ಲ್ಸ್ ಸ್ನೋಡನ್ ಮತ್ತು ಸಂಗಡಿಗರು 2015ರಲ್ಲಿ ಪ್ರಕಟಿಸಿದ ಅಧ್ಯಯನ ಈ ವಿಷಯದಲ್ಲಿ ಬಹಳ ಉಪಕಾರಿ. ಬೆಕ್ಕಿನ ಗುರುಗುಟ್ಟುವಿಕೆ, ಮರಿ ಮೊಲೆಯುಣ್ಣುವ ಲಯ ಇವನ್ನು ಆಧರಿಸಿ ಬೆಕ್ಕಿಗೆಂದೇ ಸಂಗೀತ ಕಟ್ಟಿ ಕೇಳಿಸಿದರು. ಮನುಷ್ಯರ ಸಂಗೀತಕ್ಕೆ ಉದಾಸೀನವಾಗಿದ್ದ ಬೆಕ್ಕುಗಳು ಇದಕ್ಕೆ ಹತ್ತಿರ ಬಂದು ಸ್ಪೀಕರಿಗೆ ಮೈ ಉಜ್ಜಿದವು. ಇದನ್ನು ತಂಗಿಯ ಮಗಳಿಗೆ ವಿವರಿಸಿದಾಗ, “ಮಾಮಾ, ಹಂಗಂದ್ರೆ ಮೇಡಂ ಹತ್ರ ನೀವೇ ಹೇಳಿ, ಸರಳೆ ವರಸೆ ಬೇಡ ಅಂತ,” ಎಂದಳು. ಸಂಶೋಧನೆಯ ಫಲವನ್ನು ಸಮಾಜಕ್ಕೆ ತಲುಪಿಸುವುದು ಇಷ್ಟು ಸುಲಭವೆಂದು ಗೊತ್ತಿರಲಿಲ್ಲ.

ಮೀನು

ಅದೇ ಮನೆಯ ಗಾಜಿನ ತೊಟ್ಟಿಯ ಮೀನು ಬಾಯಿ ತೆರೆದು ಮುಚ್ಚಿತು. ಪಿಟೀಲು ನಿಲ್ಲಿಸಿದ ಮೇಲೂ ಅದನ್ನೇ ಮಾಡಿತು.

ಹಸು, ಕುದುರೆ: ಕುಣಿಗಲ್ ಪ್ರಕರಣ

ಕುಣಿಗಲ್ಲಿನ ಚಿಕ್ಕಪ್ಪನ ಮಗ ಮೃದಂಗ ಕಲಿಯುವುದು ಕೊಟ್ಟಿಗೆಯ ಪಕ್ಕದ ಕೋಣೆಯಲ್ಲಿ. ಮನೆಯೊಳಗೆ ಜಾಗವಿಲ್ಲವೆಂದಲ್ಲ, ಮನೆಯವರು ಬಿಡುವುದಿಲ್ಲ. ಇಂಗ್ಲೆಂಡಿನ ಲೆಸ್ಟರ್ ವಿಶ್ವವಿದ್ಯಾಲಯದವರು 2001ರಲ್ಲಿ ನಿಧಾನಗತಿಯ ಸಂಗೀತ ಕೇಳಿದ ಹಸು ದಿನಕ್ಕೆ 0.73 ಲೀಟರ್ ಹೆಚ್ಚು ಹಾಲು ಕೊಟ್ಟಿತೆಂದು ತಿಳಿಸಿದ್ದರು. ಅವನಿಗೂ ಇದನ್ನೇ ಹೇಳಿ ವಿಳಂಬ ಕಾಲದಲ್ಲಿ ನುಡಿಸುವಂತೆ ಒಪ್ಪಿಸಲಾಯಿತು. ಹಸು ಕತ್ತು ತಿರುಗಿಸಿ ಕೋಣೆಯ ಬಾಗಿಲನ್ನೇ ದಿಟ್ಟಿಸಿತು. ಮೃದಂಗದ ಮುಚ್ಚಿಗೆಗೆ ಹಸು ಮತ್ತು ಆಡಿನ ಚರ್ಮ, ಬಿಗಿಯುವ ಬಾರಿಗೆ ಎಮ್ಮೆಯ ಚರ್ಮ ಬಳಸುತ್ತಾರೆಂಬುದು ನೆನಪಾಗಿ, ಆ ನೋಟದ ಅರ್ಥ ವಿವರಿಸಲು ಲೇಖಕನು ಹೋಗಲಿಲ್ಲ. ಹಾಲಿನ ಅಳತೆ ಕೇಳಿದ್ದಕ್ಕೆ ಚಿಕ್ಕಮ್ಮ, “ಡೇರಿಗೆ ಹಾಕೋದು ಯಾವತ್ತಿನಷ್ಟೇ ಐತೆ, ನೀನು ಕುಡಿದ ಕಾಫಿ ಲೆಕ್ಕ ಬೇರೆ,” ಎಂದರು.

ಕುಣಿಗಲ್ಲಿಗೆ ಹೋಗಿ ಕುದುರೆಯನ್ನು ಬಿಟ್ಟರೆ ಪ್ರಬಂಧ ಅಪೂರ್ಣ. ಹೈದರ್, ಟಿಪ್ಪು ಕಾಲದಿಂದ ದಂಡಿಗೆ ಕುದುರೆ ಸಾಕಿದ ಫಾರಂ ಅಲ್ಲಿದೆ, ಧೈವತದ ತವರುಮನೆ. ಆದರೆ ಅಲ್ಲಿ ಬೆಳೆದು ಹೆಸರು ಮಾಡಿದವು ಓಡುವುದಕ್ಕೆಂದೇ ಹುಟ್ಟಿಸಿದ ರೇಸಿನ ಕುದುರೆಗಳು. ಮೃದಂಗ ಕೇಳಿ ಕುದುರೆ ಓಡಿದರೆ ಅದು ಸಂಗೀತದಿಂದಲೋ ವಂಶಗುಣದಿಂದಲೋ ಹೇಳುವುದು ಹೇಗೆ? ವಿಧಾನದಲ್ಲಿ ಇಂಥ ದೋಷ ಕಂಡಿದ್ದರಿಂದ ಪ್ರಯೋಗ ಕೈಬಿಡಲಾಯಿತು. ಗೇಟಿನ ಎದುರು ನಿಂತು ಧೈವತ ಹಾಡಲು ಧೈರ್ಯ ಬರಲಿಲ್ಲವೆಂಬುದು ಉಪಕಾರಣ.

ಮರಳಿ ಕೋಣನತ್ತ

ಈಗ ಮೂಲ ಮೊಕದ್ದಮೆ. ಕಿನ್ನರಿ ಸೋರೆಬುರುಡೆ ಕಟ್ಟಿದ ತಂತಿವಾದ್ಯ; ಹನ್ನೆರಡನೆಯ ಶತಮಾನದ ಶರಣ ಕಿನ್ನರಿ ಬೊಮ್ಮಯ್ಯನ ಹೆಸರಿನಲ್ಲೇ ಅದು ಉಳಿದಿದೆ. ಅದರಲ್ಲಿ ಚರ್ಮದ ಮುಚ್ಚಿಗೆಯಿಲ್ಲ, ಆದ್ದರಿಂದ ಕೋಣನಿಗೆ ಬಂಧುಶೋಕದ ಕಾರಣವಿರಲಿಲ್ಲ. ಸಪ್ತಸ್ವರದಲ್ಲಿ ಪಾಲೂ ಇಲ್ಲವಾದ್ದರಿಂದ ನಾಯಿಯಂತೆ ತಕರಾರು ತೆಗೆಯಬಹುದಿತ್ತು, ತೆಗೆಯಲಿಲ್ಲ. ಬೆಕ್ಕಿನಂತೆ ಎದ್ದು ಹೋಗಬಹುದಿತ್ತು, ಹೋಗಲಿಲ್ಲ.

ಹಾಗಾದರೆ ಅದು ಮಾಡಿದ್ದೇನು? ಕಣ್ಣು ಅರೆಮುಚ್ಚಿತು. ಮೆಲುಕು ಹಾಕಿತು. ಆಗಾಗ ತಲೆಯಾಡಿಸಿತು, ನೊಣ ಕೂತಿತ್ತೆಂಬುದು ವಿರೋಧಿಗಳ ವಾದ. ರಾಮನವಮಿಯ ಕಚೇರಿಯಲ್ಲಿ ಮುಂದಿನ ಸಾಲಿನಲ್ಲಿ ಕೂತು ಕಣ್ಣು ಅರೆಮುಚ್ಚಿ, ಎಲೆಯಡಿಕೆ ಮೆಲ್ಲುತ್ತ, ಆಗಾಗ ತಲೆಯಾಡಿಸುವವರನ್ನು ನಾವು ರಸಿಕರೆಂದು ಕರೆದು ಶಾಲು ಹೊದಿಸುತ್ತೇವೆ. ಅವರ ತಲೆಯ ಮೇಲೆ ನೊಣವಿತ್ತೇ ಎಂದು ಯಾರೂ ವಿಚಾರಿಸುವುದಿಲ್ಲ. ಅಷ್ಟೇ ಅಲ್ಲ, ತನಿ ಆವರ್ತನ ಶುರುವಾದ ಕೂಡಲೇ ಅವರಲ್ಲಿ ಅರ್ಧ ಜನ ಕಾಫಿಗೆ ಎದ್ದು ಹೋಗುತ್ತಾರೆ. ಕೋಣ ಕೊನೆಯ ತನಕ ನಿಂತೇ ಇತ್ತು.

ಆದ್ದರಿಂದ ಗಾದೆಯನ್ನು ರದ್ದುಪಡಿಸಿ ಕೋಣನನ್ನು ಗೌರವದಿಂದ ಬಿಡುಗಡೆ ಮಾಡತಕ್ಕದ್ದು. ಬಾರಿಸಿದವರ ಮೇಲಿನ ವಿಚಾರಣೆ ಬಾಕಿಯಿದೆ. ಅದಕ್ಕೆ ಮೂಲ ಪ್ರಯೋಗವನ್ನು ಇನ್ನೊಮ್ಮೆ ಮಾಡಿ ನೋಡಬೇಕು. ಗುಬ್ಬಿಯ ಮಾವನ ಪಕ್ಕದ ತೋಟದವರು ಒಂದು ಕೋಣ ಕೊಡಲು ಒಪ್ಪಿದ್ದಾರೆ. ಕಿನ್ನರಿಯಾಗಲಿ ಬಾರಿಸುವವರಾಗಲಿ ಇನ್ನೂ ಸಿಕ್ಕಿಲ್ಲ. ಓದುಗರಲ್ಲಿ ಯಾರ ಅಟ್ಟದ ಮೇಲಾದರೂ ಒಂದು ಕಿನ್ನರಿಯಿದ್ದರೆ ದಯವಿಟ್ಟು ತಿಳಿಸಿ. ಕೋಣನಿಗೆ ಸೋಮವಾರ ಮತ್ತು ಗುರುವಾರ ಬಿಡುವಿದೆ.