ನಾಳೆ ಪಕ್ಕಾ ಗಾಡಿ

ಮುಂಬಯಿಯ ಕುರ್ಲಾ ಸಾಮಾನ್ಯ ಜಾಗವಲ್ಲ ಸ್ವಾಮಿ. ವಾಲ್‌ಚಂದ್ ಹೀರಾಚಂದರ ಪ್ರೀಮಿಯರ್ ಕಾರ್ಖಾನೆ 1947ರಲ್ಲೇ ಇಲ್ಲಿ ಕಾರು ಹೊರಬಿಟ್ಟಿತ್ತು. ಆಮೇಲೆ ಪದ್ಮಿನಿ ಬಂದಳು. ಬುಕ್ ಮಾಡಿದವರು ವರ್ಷಗಟ್ಟಲೆ ಕಾದರು. ಕಾರ್ಖಾನೆ ಹೋಯಿತು, ಪದ್ಮಿನಿ ಟ್ಯಾಕ್ಸಿಗಳೂ 2023ರಲ್ಲಿ ಮುಂಬಯಿ ರಸ್ತೆ ಬಿಟ್ಟವು. ಕಾಯಿಸುವ ವಿದ್ಯೆ ಮಾತ್ರ ಇಲ್ಲೇ ಉಳಿದಿದೆ.

ನಾನು ಸ್ಕೂಟರ್ ಬುಕ್ ಮಾಡಿದ ಶೋರೂಮನ್ನೇ ನೋಡಿ. ದುಡ್ಡು ಕಟ್ಟುವವರೆಗೆ ನಾನು ಹೊಸ ಅಳಿಯ: ಎಸಿ ಗಾಳಿ, ಮಸಾಲಾ ಚಹಾ, ‘ಬೈಠಿಯೇ ಶೆಟ್ಟಿ ಸಾಬ್!’ (ನಾನು ಶೆಟ್ಟಿಯಲ್ಲ. ಇಲ್ಲಿ ಕನ್ನಡ ಮಾತಾಡಿದವರೆಲ್ಲ ಶೆಟ್ಟಿಗಳೇ, ಹೋಟೆಲ್ ಮಾಲೀಕರೇ.) ದುಡ್ಡು ಜಮೆಯಾದದ್ದೇ ಚಹಾ ನಿಂತಿತು, ಆಮೇಲೆ ಫೋನೂ. ನೀಲಿ ಕೇಳಿದರೆ, ‘ಕೆಂಪು ರೆಡಿ ಇದೆ, ನಿಮಗೆ ಒಪ್ಪುತ್ತೆ ಸಾಬ್’ ಎಂದ ಸೇಲ್ಸ್‌ಮನ್. ನನ್ನ ಹೆಂಡತಿಗೂ ಇದುವರೆಗೆ ಹೊಳೆಯದ ಸಂಗತಿ! ಬೇಡದ ಸೀಟ್ ಕವರು, ಗಾರ್ಡು ಸರಾಗ ಬಿಲ್ಲಿಗೇರಿದವು. ನಂಬರ್ ಮಾತ್ರ ವಡಾಲಾ ಆರ್‌ಟಿಓದಿಂದ ‘ಬರ್ತಾ ಇದೆ’. ಇಲ್ಲಿಂದ ಹಾರ್ಬರ್ ಲೈನಿನಲ್ಲಿ ಮೂರನೇ ಸ್ಟೇಷನ್ನು. ನಡೆದು ಹೊರಟಿದ್ದರೂ ಇಷ್ಟರಲ್ಲಿ ಬರಬೇಕಿತ್ತು.

ಗಾಡಿಗಿಂತ ಮೊದಲು ಫೀಡ್‌ಬ್ಯಾಕ್ ಕರೆಯೇ ಬಂತು. ‘ಸಾಬ್, ಹತ್ತಕ್ಕೆ ಹತ್ತು ಕೊಡಿ, ಇಲ್ಲದಿದ್ದರೆ ನನ್ನ ಇನ್ಸೆಂಟಿವ್ ಹೋಗುತ್ತೆ.’ ಕೊಟ್ಟೆ. ಅವನಿಗಾದರೂ ಏನಾದರೊಂದು ಡೆಲಿವರಿಯಾಗಲಿ.