ಇನ್ನೊಂದು ಸುತ್ತು ತಿರುಗಸೋ!

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಎಲ್ಲಿ ಹೋದ್ರೂ ಗಾಳಿಗೇ ತಣಿಯೋ ಹಳೇ ಬುಲೆಟ್ಟಿನ ಆಯಿಲ್ ಬದಲಿಸೋ ಹುಡುಗಗ ಮಾಲಕ ಹೇಳೂದು ಒಂದೇ: "ಇನ್ನೊಂದು ಸುತ್ತು ಗಟ್ಟಿ ತಿರುಗಸೋ!" ಆಯಿಲ್ ಇಳಸೋ ಬೋಲ್ಟು ಉಕ್ಕಿಂದು, ಎಂಜಿನ್ನಿನ ತಳ ಅಲ್ಯೂಮಿನಿಯಂದು. ಇಂಡಿ ಲಿಂಬಿ ಹಿಂಡಿದಂಗ ಹಿಂಡಿದ್ರ ಮೆತ್ತಂದೇ ಸೋಲತೈತಿ. ಬಿಗಿ ಬಿಗಿ ಅಂತಿದ್ದದ್ದು ಒಮ್ಮೆಲೇ ಹಗುರ! ಪಾನಾ ಸುಮ್ಮನ ಗಿರಗಿರ ಸುತ್ತತೈತಿ, ಹುಡುಗ ಆಕಾಶ ನೋಡ್ತಾನ. "ಥ್ರೆಡ್ ಹೋತ್ರೀ ಸಾವ್ಕಾರ್ರ!"

ಆಮ್ಯಾಲ ಟೆಫ್ಲಾನ್ ಟೇಪು, ಅಂಟು, ಬೈಗುಳ. ಬೈಗುಳ ಒಂದು ಬಿಟ್ಟು ಯಾವುದೂ ಬಾಳಿಕಿ ಬರೂದಿಲ್ಲ. ಖರೇ ಮದ್ದು ಹೆಲಿಕಾಯಿಲ್: ತೂತು ದೊಡ್ಡದು ಮಾಡಿ, ಹೊಸ ಥ್ರೆಡ್ ಕೊರದು, ಉಕ್ಕಿನ ಸುರುಳಿ ಕೂಡಸೂದು. ಕೊರದ ಚೂರು ಎಂಜಿನ್ನಿನೊಳಗ ಉಳೀಬಾರದು, ಅಷ್ಟ ನೋಡ್ರಿ.

ಮುಂದಿನ ಸಲ ತಾಮ್ರದ ವಾಷರ್ ಹೊಸದು ಹಾಕ್ರಿ, ಬೋಲ್ಟು ಮೊದಲು ಬೆರಳಿಂದ ತಿರುಗಿಸ್ರಿ, ಮಾಲಕರನ್ನ ಚಾ ಕುಡಿಯಾಕ ಕಳಸ್ರಿ.